ಗುಂಡಲ್ಲ, ಗುಂಡಿ

ಯುದ್ಧದ ಹಳೆಯ ವಸ್ತುಗಳನ್ನು ಕೂಡಿಡುತ್ತೇನೆ ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಕತ್ತಿ, ಗುರಾಣಿ, ಕಡೇಪಕ್ಷ ಒಂದು ಮುರುಕು ತೋಪಾದರೂ ಇರುತ್ತದೆ ಎಂದು ಬರುತ್ತಾರೆ. ಬಂದು ನೋಡಿದರೆ ಒಂದು ಡಬ್ಬಿ. ಡಬ್ಬಿಯೊಳಗೆ ಕೋಟಿನ ಗುಂಡಿಗಳು. "ಗುಂಡು ಇಲ್ವಾ?" ಎನ್ನುತ್ತಾರೆ. ಗುಂಡಲ್ಲ, ಗುಂಡಿ ಎನ್ನುತ್ತೇನೆ. ಮುಖ ಸಪ್ಪಗಾಗುತ್ತದೆ.

ನನಗೆ ಈ ಹುಚ್ಚು ಹಿಡಿದಿದ್ದೇ ಒಂದು ಹಿತ್ತಾಳೆ ಗುಂಡಿಯಿಂದ. ಕಪ್ಪುಗಟ್ಟಿತ್ತು. ಮೇಲೆ ಕಿರೀಟದಂಥದ್ದೇನೋ ಇತ್ತು. ಹಿತ್ತಾಳೆ ಕಂಡರೆ ಉಜ್ಜಬೇಕು ಅನ್ನೋದು ಕೈಗೇ ಗೊತ್ತಿರುತ್ತದೆ, ಅದು ತಲೆಯನ್ನು ಕೇಳುವುದಿಲ್ಲ. ಒಂದು ಗಂಟೆ ಕೂತು ಉಜ್ಜಿದೆ. ಚಿನ್ನದ ಹಾಗೆ ಹೊಳೆಯಿತು. ಜಂಬದಿಂದ ಒಯ್ದು, ಈ ವಿಷಯದಲ್ಲಿ ಪಳಗಿದ ಹಿರಿಯರೊಬ್ಬರ ಕೈಗಿಟ್ಟೆ. ಅವರು ನೋಡಿದರು. ಕನ್ನಡಕ ತೆಗೆದರು. ಯಾರೋ ತೀರಿಕೊಂಡ ಸುದ್ದಿ ಕೇಳಿದವರ ಹಾಗೆ, "ಉಜ್ಜಿದಿರಾ?" ಎಂದರು.

ನಾನೂ ಬಿಡಲಿಲ್ಲ. ಸೈನಿಕ ಇದನ್ನು ದಿನಾ ಉಜ್ಜುತ್ತಿದ್ದನಲ್ಲ ಸಾರ್ ಎಂದೆ. ನಿಜ ಕೂಡ. ಪಾಲಿಶ್ ಬಟ್ಟೆಗೆ ತಾಗದಿರಲಿ ಎಂದು ಗುಂಡಿಯ ಹಿಂದೆ ತೂರಿಸಲು ಸೀಳಿರುವ ಒಂದು ಲೋಹದ ಪಟ್ಟಿಯೇ ಅವನ ಹತ್ತಿರ ಇರುತ್ತಿತ್ತು.

"ಅವನು ಉಜ್ಜಬಹುದು. ನೀವು ಉಜ್ಜಬಾರದು."

ಈ ಹವ್ಯಾಸದ ಮೊದಲ ಪಾಠ ಅದು. ಎರಡನೆಯದು ಕಿರೀಟದ್ದು. ಬ್ರಿಟಿಷ್ ಸೇನೆಯ ಗುಂಡಿಯಲ್ಲಿ ಕಿರೀಟದ ಕಮಾನು ಗುಮ್ಮಟದ ಹಾಗೆ ಉಬ್ಬಿದ್ದರೆ ಸಾಮಾನ್ಯವಾಗಿ 1901ರಿಂದ 1952ರವರೆಗಿನ ರಾಜರ ಕಾಲದ್ದು. ನಡುವೆ ತಗ್ಗಿದ್ದರೆ ಎರಡನೇ ಎಲಿಜಬೆತ್ ರಾಣಿಯ ಕಾಲದ್ದು. ಕಡಲೆಕಾಳಿನಷ್ಟು ಜಾಗದಲ್ಲಿ ಒಂದು ಸಣ್ಣ ಡೊಂಕು, ಅಷ್ಟೇ. ಅದನ್ನು ಗುರುತಿಸಲು ಬಂದ ದಿನ ನನಗೆ ಯುದ್ಧ ಗೆದ್ದಷ್ಟು ಸಂತೋಷವಾಗಿತ್ತು.

ಈಗ ನಾವು ಐದಾರು ಜನ ಆಗಾಗ ಸೇರುತ್ತೇವೆ. ಯಾರ ಕೈಗಾದರೂ ಮೆಡಲ್ ಕೊಡಿ, ಮೊದಲು ರಾಜನ ಮುಖ ನೋಡುತ್ತಾರೆ. ನಮ್ಮವರು ಮಾತ್ರ ಭೂತಗನ್ನಡಿ ಹಿಡಿದು ಅಂಚನ್ನು ತಿರುಗಿಸುತ್ತಾರೆ. ಮೊದಲ ಮಹಾಯುದ್ಧದ ಬ್ರಿಟಿಷ್ ಬೆಳ್ಳಿ ಮೆಡಲಿನ ಅಂಚಿನಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು, ಪಡೆ ಎಲ್ಲವನ್ನೂ ಒತ್ತಿರುತ್ತಾರೆ. ಎರಡನೇ ಯುದ್ಧದ ಹೊತ್ತಿಗೆ ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದ ನಕ್ಷತ್ರಾಕಾರದ ಮೆಡಲುಗಳನ್ನು ಕೊಟ್ಟು ಕೈತೊಳೆದುಕೊಂಡಿತು. ಹಾಗಾಗಿ ಮೊದಲ ಯುದ್ಧದ ಮೆಡಲ್ ಸಿಕ್ಕರೆ ಒಬ್ಬ ಮನುಷ್ಯ ಸಿಕ್ಕ ಹಾಗೆ. ಎರಡನೆಯದರದ್ದು ಸಿಕ್ಕರೆ ಬಹಳ ಸಲ ಬರೀ ಲೋಹ.

ಮೊದಲ ಯುದ್ಧದ ಮೂರು ಮೆಡಲುಗಳ ಜೋಡಣೆಗೆ ಸಂಗ್ರಾಹಕರು ಇವತ್ತಿಗೂ ಪಿಪ್, ಸ್ಕ್ವೀಕ್, ವಿಲ್ಫ್ರೆಡ್ ಎನ್ನುತ್ತಾರೆ. ಆಗಿನ ಪತ್ರಿಕೆಯೊಂದರ ಚಿತ್ರಕಥೆಯಲ್ಲಿದ್ದ ನಾಯಿ, ಪೆಂಗ್ವಿನ್, ಮೊಲದ ಹೆಸರುಗಳವು. ಎದೆಯ ಮೇಲೆ ನಾಯಿ, ಪೆಂಗ್ವಿನ್, ಮೊಲ! ಸಾವನ್ನು ಹತ್ತಿರದಿಂದ ನೋಡಿ ಬಂದವರಿಗೆ ಇಷ್ಟು ತಮಾಷೆಯ ಹಕ್ಕಿತ್ತು ಅನಿಸುತ್ತದೆ.

ನಮ್ಮಲ್ಲೊಬ್ಬರ ಹತ್ತಿರ ಒಂದು ಕಂಚಿನ ಬಿಲ್ಲೆಯಿದೆ. ಸುಮಾರು 12 ಸೆಂಟಿಮೀಟರ್ ಅಗಲ, ಕೈಗೆ ಭಾರ. ಅದೇ ಯುದ್ಧದಲ್ಲಿ ಸತ್ತವರ ಮನೆಗೆ ಬ್ರಿಟಿಷ್ ಸರಕಾರ ಕಳಿಸಿದ್ದು. ಇಂಥವು 13 ಲಕ್ಷಕ್ಕೂ ಜಾಸ್ತಿ ಹೋದವು. ಜನ ಇದನ್ನು ಸತ್ತವನ ಪೆನ್ನಿ ಎಂದರು. ಮೆಡಲಿನಲ್ಲಿ ಇರುವ ಹುದ್ದೆ ಇದರಲ್ಲಿ ಇಲ್ಲ. ಜನರಲ್ಲಾಗಲಿ ಜವಾನನಾಗಲಿ, ಹೆಸರು ಮಾತ್ರ. ಅದು ಕೈಯಿಂದ ಕೈಗೆ ಹೋಗುವಾಗ ನಮ್ಮ ಗಲಾಟೆ ನಿಲ್ಲುತ್ತದೆ. ಆಮೇಲೆ ಯಾರಾದರೂ ಎರಕದ ಬಗ್ಗೆ ತಗಾದೆ ತೆಗೆಯುತ್ತಾರೆ. ಸದ್ಯ, ಬದುಕಿದೆವು ಅನಿಸುತ್ತದೆ.

ಜಗಳ ಜೋರಾಗುವುದು ನಕಲಿ ಮಾಲಿನ ಮೇಲೆ. ಎರಡನೇ ಮಹಾಯುದ್ಧದ್ದು ಎನ್ನುವ ತೋಳಪಟ್ಟಿಯೊಂದು ಬರುತ್ತದೆ. ದೀಪ ಆರಿಸಿ ಅದರ ಮೇಲೆ ನೇರಳಾತೀತ ಬೆಳಕು ಬಿಡುತ್ತೇವೆ. ದಾರ ಬೆಳ್ಳಗೆ ಹೊಳೆದರೆ ಅನುಮಾನ. ಬಟ್ಟೆಗೆ ಆ ಹೊಳಪು ಕೊಡುವ ರಾಸಾಯನಿಕದ ಬಳಕೆ ಹೆಚ್ಚಿದ್ದು ಯುದ್ಧದ ನಂತರ. ಹಾಗಂತ ತೀರ್ಪು ಕೊಡುವಂತಿಲ್ಲ. ಯಾರೋ ಮಹಾತಾಯಿ ಅಸಲಿ ಪಟ್ಟಿಯನ್ನೇ ಈಗಿನ ಸೋಪಿನ ಪುಡಿ ಹಾಕಿ ಒಗೆದಿದ್ದರೂ ಅದು ಹೊಳೆಯುತ್ತದೆ! ಎರಡು ಗಂಟೆ ವಾದ. ಯಾರೂ ಸೋಲುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ವಾದವಿಲ್ಲ. ಹಳೆಯ ಗ್ಯಾಸ್ ಮಾಸ್ಕ್ ಸಿಕ್ಕಿತೆಂದು ಸುಮ್ನೆ ಮುಖಕ್ಕೆ ಹಾಕಿಕೊಂಡು ಫೋಟೋ ತೆಗೆಸಬೇಡಿ. ಎಷ್ಟೋ ಮಾಸ್ಕುಗಳ ಸೋಸುಡಬ್ಬಿಯಲ್ಲಿ ಆಸ್ಬೆಸ್ಟಾಸ್ ಇದೆ. ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದ ಗಡಿಯಾರವನ್ನು ಬಿಚ್ಚಬೇಡಿ. ಇನ್ನು ಅಟ್ಟದ ಮೇಲೆ ಗ್ರೆನೇಡ್ ಸಿಕ್ಕರೆ, ಖಾಲಿ ಇದೆಯಾ ಎಂದು ಅಲ್ಲಾಡಿಸಿ ನೋಡುವ ಬುದ್ಧಿವಂತರಾಗಬೇಡಿ. ಅಲ್ಲೇ ಬಿಟ್ಟು ಹೊರಗೆ ಬಂದು ಪೊಲೀಸರನ್ನು ಕರೆಯಿರಿ. ನಮಗೆ ಗುಂಡಿಯೇ ಸಾಕು.

ಆ ಮೊದಲ ಗುಂಡಿಯ ಕಥೆ ಅರ್ಧಕ್ಕೆ ಬಿಟ್ಟೆ, ಅಲ್ವಾ? ಹಿರಿಯರು ಅದನ್ನು ವಾಪಸ್ ಕೊಡುವ ಮೊದಲು ಸುಮ್ಮನೆ ತಿರುಗಿಸಿದರು. ಹಿಂಭಾಗದಲ್ಲಿ ತಯಾರಕರ ಹೆಸರು, ಸಣ್ಣ ಅಕ್ಷರದಲ್ಲಿ. ಅಕ್ಷರಗಳ ಸಂದಿಯಲ್ಲಿ ಯಾವತ್ತೋ ಒಣಗಿ ಕಲ್ಲಾಗಿದ್ದ ಬಿಳಿ ಪಾಲಿಶ್. ಕೊಂಡಿಯಲ್ಲಿ ಸಿಕ್ಕಿಕೊಂಡ ಒಂದೆಳೆ ಖಾಕಿ ದಾರ.

"ಈ ಕಡೆ ಉಜ್ಜಿದ್ದು ನೀವಾ?"

ಇಲ್ಲ ಸಾರ್, ಹಿಂದೆ ನಾನು ಮುಟ್ಟೇ ಇಲ್ಲ ಎಂದೆ.

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.