ಪಂಪ್ ಓಡಿಸುವುದು ಮೋಡ ನೋಡಿಯೋ, ನೀರು ನೋಡಿಯೋ?

ಮುಂಬೈಯ ಮಳೆನೀರು ಪಂಪಿಂಗ್ ಸ್ಟೇಷನ್‌ಗಳಲ್ಲಿ ಪಂಪ್ ಯಾವಾಗ ಶುರುವಾಗಬೇಕೆಂದು ಮಳೆಯ ಮುನ್ಸೂಚನೆ ನೋಡಿ ಕಂಪ್ಯೂಟರ್ ತೀರ್ಮಾನಿಸಬೇಕೇ? ಅಥವಾ ನೀರು ಬಂದು ಸೇರುವ ತೊಟ್ಟಿಯ ಮಟ್ಟ ನೋಡಿ ಆಪರೇಟರ್ ಗುಂಡಿ ಒತ್ತಿದರೆ ಸಾಕೇ?

ಪರ: ನೀರು ಬರುವವರೆಗೆ ಯಾಕೆ ಕಾಯಬೇಕು?

ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್ ಸ್ಟೇಷನ್‌ಗಳಲ್ಲಿ ಸಾಲಾಗಿ ಕೂತಿರುವ ಪಂಪ್‌ಗಳು ಒಂದೊಂದೂ ಸೆಕೆಂಡಿಗೆ 6,000 ಲೀಟರ್ ಎತ್ತುತ್ತವೆ. ಹತ್ತು ನಿಮಿಷಕ್ಕೆ 36 ಲಕ್ಷ ಲೀಟರ್, ಅಂದರೆ ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ 10,000 ಲೀಟರಿನ ಟ್ಯಾಂಕರ್ 360! ಹತ್ತು ನಿಮಿಷ ತಡವಾದರೆ ಅಷ್ಟೂ ನೀರಿಗೆ ಜಾಗ ರಸ್ತೆಯೇ.

ಮುಂಬೈಯ ಲೆಕ್ಕದಲ್ಲಿ ಅರ್ಧ ಉತ್ತರ ಮೊದಲೇ ಗೊತ್ತಿರುತ್ತದೆ. ಸಮುದ್ರ ಇಳಿದಾಗ ನಾಲಾ (ಮಳೆನೀರಿನ ದೊಡ್ಡ ಕಾಲುವೆ) ನೀರು ತಾನಾಗಿಯೇ ಹರಿದು ಹೋಗುತ್ತದೆ. ಉಬ್ಬರದಲ್ಲಿ ನಾಲಾ ಬಾಯಿಯ ಗೇಟ್ ಮುಚ್ಚದಿದ್ದರೆ ಸಮುದ್ರವೇ ಊರೊಳಗೆ ಬರುತ್ತದೆ; ಮುಚ್ಚಿದರೆ ಒಳಗಿನ ನೀರನ್ನು ಪಂಪೇ ಎತ್ತಬೇಕು. ಉಬ್ಬರದ ಹೊತ್ತು ಪಂಚಾಂಗದ ಗ್ರಹಣದಷ್ಟೇ ಖಚಿತ. ಉಳಿದದ್ದು ಮಳೆ. ಅದಕ್ಕೆ ಮುಂಬೈಯ ಕೊಲಾಬಾದಲ್ಲೂ ವೆರಾವಳಿಯಲ್ಲೂ ರಾಡಾರ್ ಇದೆ. ಎರಡನ್ನೂ ಕೂಡಿಸಿ, ಗೇಟ್ ಮುಚ್ಚುವ ಮುಂಚೆಯೇ ನಾಲಾ ಬರಿದು ಮಾಡಿಟ್ಟರೆ ಮೊದಲ ಮಳೆಗಾದರೂ ಜಾಗ ಸಿಗುತ್ತದೆ.

ಇನ್ನೊಂದು ಮಾತು. ದೊಡ್ಡ ಮೋಟಾರು ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಒಳಗಿನ ತಂತಿಯ ಸುರುಳಿ ಬಿಸಿಯಾಗುತ್ತದೆ. ಮಟ್ಟವೊಂದನ್ನೇ ನೋಡಿ ಆನ್-ಆಫ್ ಆಡಿಸುತ್ತಿದ್ದರೆ ಅದರ ಆಯಸ್ಸು ಕರಗುತ್ತದೆ. ಮುಂದಿನ ಎರಡು ಗಂಟೆ ತಿಳಿದಿದ್ದರೆ ಯಾವುದು ಯಾವಾಗ ಏಳಬೇಕೆಂದು ಸರದಿ ಹಾಕಬಹುದು. ಮುನ್ಸೂಚನೆ ಸುಳ್ಳಾದರೆ ಹೋಗುವುದು ಒಂದಿಷ್ಟು ಕರೆಂಟು. ಕಾಯುತ್ತ ಕೂತು ತಪ್ಪಿದರೆ ಹೋಗುವುದು ಅಂಗಡಿಯ ಸರಕು.

ವಿರೋಧ: ಮೋಡಕ್ಕೆ ವಾರ್ಡ್ ನಂಬರ್ ಗೊತ್ತಿಲ್ಲ

26 ಜುಲೈ 2005ರ ಮಳೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ., ಅದೇ ದಿನ ಕೊಲಾಬಾದಲ್ಲಿ ಸುಮಾರು 73. ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಅಷ್ಟೇ. ರಾಡಾರ್ ಈಗ ಚುರುಕಾಗಿದೆ, ಒಪ್ಪಿದೆ. ಆದರೆ ‘ಭಾರಿ ಮಳೆ’ ಎಂಬ ಮಾತನ್ನು ‘ಇರ್ಲಾದ ಮೂರನೇ ಪಂಪ್, ಮಧ್ಯಾಹ್ನ 1.40’ ಎಂದು ಅನುವಾದ ಮಾಡುವಷ್ಟಲ್ಲ. ಸುಳ್ಳು ಮುನ್ಸೂಚನೆಗೆ ಕರೆಂಟ್ ಖರ್ಚು ಮಾತ್ರ ಅನ್ನುವುದೂ ಪೂರ್ತಿ ನಿಜವಲ್ಲ. ಬರದ ನೀರನ್ನು ನಂಬಿ ತೊಟ್ಟಿಯನ್ನು ತೀರಾ ಇಳಿಸಿದರೆ ಸುಳಿ ಎದ್ದು ಪಂಪ್ ಗಾಳಿ ಕುಡಿಯುತ್ತದೆ, ಗಡಗಡ ನಡುಗುತ್ತದೆ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದರ ಮರಿ ರೂಪ ನೋಡಿದ್ದೇನೆ. ಬೇಸ್‌ಮೆಂಟಿನ ಗುಂಡಿಯಲ್ಲಿ ಆಟೋಮ್ಯಾಟಿಕ್ ಪಂಪು. ಒಂದು ರಾತ್ರಿ ಸ್ಕೂಟರ್‌ಗಳ ಸೀಟು ಮುಳುಗಿತು. ನೀರಿನ ಜೊತೆ ಮೇಲೇರಿ ಪಂಪ್ ಶುರು ಮಾಡಬೇಕಾದ ಫ್ಲೋಟಿಗೆ ಹಾಲಿನ ಕವರ್ ಸುತ್ತಿಕೊಂಡು ಅದು ಅಲ್ಲೇ ತಲೆ ತಗ್ಗಿಸಿ ನಿಂತಿತ್ತು. ಪಂಪಿನ ಪ್ರಕಾರ ಗುಂಡಿ ಖಾಲಿ! ವಾಚ್‌ಮನ್ ಕೋಲಿನಿಂದ ಕವರ್ ಎಳೆದ ಮೇಲೆ ತಾನಾಗಿ ಗುಡುಗತೊಡಗಿತು.

ಮುಂಬೈಯ ಕಾಯಿಲೆಯೂ ಗುಂಡಿ ಒತ್ತುವ ಹೊತ್ತಿನದ್ದಲ್ಲ. ಊರಿನ ಮಳೆನೀರು ಚರಂಡಿಗಳ ಬಗೆಗಿನ 1993ರ ಬ್ರಿಮ್‌ಸ್ಟೋವಾಡ್ ವರದಿ ಗಂಟೆಗೆ 25 ಮಿ.ಮೀ. ಮಳೆಗೆ ಕಟ್ಟಿದ ಚರಂಡಿಗಳನ್ನು 50ಕ್ಕೆ ಏರಿಸಿ ಎಂದಿತು. ಹೂಳು ತುಂಬಿದ ನಾಲಾ ಅದರ ಅರ್ಧವನ್ನೂ ಪಂಪಿನ ಬಾಯಿಗೆ ತಲುಪಿಸದು. ದಾದರ್ ಬಳಿಯ ಹಿಂದ್‌ಮಾತಾ ತಟ್ಟೆಯ ಹಾಗಿರುವ ತಗ್ಗು. ಆ ಕಡೆಯ ನೀರಿಗೆಂದು ಬ್ರಿಟಾನಿಯಾ ಪಂಪಿಂಗ್ ಸ್ಟೇಷನ್ ಬಂದ ಮೇಲೂ ನೀರು ನಿಲ್ಲುತ್ತಲೇ ಇತ್ತು. ಕೊನೆಗೆ ಮೈದಾನದಡಿ ತೊಟ್ಟಿ ತೋಡಿ ಅಲ್ಲಿ ಹಿಡಿದಿಡಬೇಕಾಯಿತು. ಯಾವ ಕಂಪ್ಯೂಟರ್ ಸರದಿಯೂ ಬಾರದ ನೀರನ್ನು ಎತ್ತಲಾರದು.

ಉಬ್ಬರದ ಪಟ್ಟಿ ಆಪರೇಟರ್‌ನ ಗೋಡೆ ಮೇಲಿರಲಿ, ರಾಡಾರ್ ಚಿತ್ರ ಅವನ ಮೇಜಿನ ಮೇಲಿರಲಿ. ಅಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ಪಂಪಿನ ಮುಂದಿನ ಜಾಲರಿಗೆ ಥರ್ಮೋಕೋಲ್, ಚಪ್ಪಲಿ, ಹಾಸಿಗೆ ಬಂದು ಅಂಟಿ ಆಚೆ ಬದಿಯ ಮಟ್ಟ ಇಳಿಯುವುದು ಕಿಟಕಿಯಿಂದ ಬಗ್ಗಿ ನೋಡಿದವನಿಗೇ ಮೊದಲು ಗೊತ್ತಾಗುತ್ತದೆ. ಗುಂಡಿ ಅವನ ಕೈಯಲ್ಲೇ ಇರಲಿ.