ಡೋವರ್ ಕೇಸ್ ಯಾಕೆ ಬಿಟ್ಟಿರಿ?

ಶಾಲೆಯಲ್ಲಿ ವಿಕಾಸವಾದದ ಜೊತೆಗೆ, ಜೀವಿಗಳನ್ನು ದೇವರೇ ಸೃಷ್ಟಿಸಿದ ಅನ್ನುವ ಸೃಷ್ಟಿವಾದವನ್ನೂ ಹೇಳಿಕೊಡುವ ಬಗೆಗಿನ ಲೇಖನದಲ್ಲಿ ‘ಎರಡೂ ವಾದ ಕಲಿಸಲಿ, ಮಕ್ಕಳೇ ತೀರ್ಮಾನಿಸಲಿ’ ಅಂತ ಲೇಖಕರು ಬರೆದಿದ್ದಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ ಹೀಗೆ ಹೊರಟವರ ಕಥೆ ಏನಾಯಿತು ಅನ್ನುವುದನ್ನೇ ಬಿಟ್ಟಿದ್ದಾರಲ್ಲ?

ಅಲ್ಲಿನ ಶಾಲಾ ಮಂಡಳಿ 2004ರಲ್ಲಿ ಒಂದು ನಿಯಮ ಮಾಡಿತು. ವಿಕಾಸವಾದದ ಪಾಠಕ್ಕೆ ಮುಂಚೆ ‘ಇಂಟೆಲಿಜೆಂಟ್ ಡಿಸೈನ್’ (ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ಯೋಜಿಸಿ ರೂಪಿಸಿದೆ ಅನ್ನುವ ವಾದ) ಬಗ್ಗೆ ಒಂದು ಹೇಳಿಕೆ ಓದಬೇಕು ಅಂತ. ವಿಜ್ಞಾನದ ಮೇಷ್ಟ್ರುಗಳು ಓದಲು ಒಪ್ಪಲೇ ಇಲ್ಲ. ಕೊನೆಗೆ ಆಡಳಿತದವರೇ ತರಗತಿಗೆ ಬಂದು ಓದಿ ಹೋದರು! 11 ಪೋಷಕರು ಕೋರ್ಟಿಗೆ ಹೋದರು.

ವಿಚಾರಣೆಯೇ ನಿಜವಾದ ಮಜಾ. ಮಂಡಳಿಯ ಪರ ಬಂದ ಜೀವರಸಾಯನ ವಿಜ್ಞಾನಿ ಮೈಕಲ್ ಬೀಹಿ ಪಾಟೀಸವಾಲಿನಲ್ಲಿ ಸಿಕ್ಕಿಬಿದ್ದರು. ಸಿದ್ಧಾಂತ ಅನ್ನುವುದಕ್ಕೆ ತಾವು ಕೊಡುವ ಅರ್ಥದಲ್ಲಿ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತವೇ ಆಗುತ್ತದೆ ಅಂತ ಒಪ್ಪಿಕೊಂಡರು. (ನಮ್ಮ ಬೆಳಗಿನ ಟೀವಿ ಜ್ಯೋತಿಷಿಗಳಿಗೆ ಇದು ಗೊತ್ತಿಲ್ಲ ಅನ್ಸುತ್ತೆ, ಇಲ್ಲದಿದ್ದರೆ ದಿನಾ ಹೇಳುತ್ತಿದ್ದರು.)

ಇದನ್ನು ಆಸ್ತಿಕರು–ನಾಸ್ತಿಕರ ಜಗಳ ಅಂತ ತೋರಿಸುವುದೂ ಸರಿಯಲ್ಲ. ಪೋಷಕರ ಪರ ಮೊದಲ ಸಾಕ್ಷಿ ಕೆನೆತ್ ಮಿಲ್ಲರ್, ದೇವರನ್ನು ನಂಬುವ ಕ್ಯಾಥೊಲಿಕ್ ಜೀವವಿಜ್ಞಾನಿ. ನ್ಯಾಯಾಧೀಶ ಜಾನ್ ಜೋನ್ಸ್ ಅವರನ್ನು ನೇಮಿಸಿದ್ದು ಸಂಪ್ರದಾಯವಾದಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಧಾರ್ಮಿಕ ಸೃಷ್ಟಿವಾದದ್ದೇ ಇನ್ನೊಂದು ರೂಪ ಅಂತ 2005ರ ಡಿಸೆಂಬರ್‌ನಲ್ಲಿ ಅವರೇ 139 ಪುಟಗಳ ತೀರ್ಪು ಬರೆದರು.

ಅಷ್ಟರಲ್ಲಿ ಊರಿನ ಮತದಾರರು ತಮ್ಮ ತೀರ್ಪು ಕೊಟ್ಟಾಗಿತ್ತು. ನವೆಂಬರ್ ಚುನಾವಣೆಗೆ ನಿಂತ ಮಂಡಳಿಯ ಎಂಟೂ ಸದಸ್ಯರು ಸೋತರು. ಪೋಷಕರ ವಕೀಲರ ಖರ್ಚಿಗೆ 10 ಲಕ್ಷ ಡಾಲರ್ ತೆರಬೇಕಾಗಿ ಬಂದಿದ್ದು ಮಾತ್ರ ಹೊಸ ಮಂಡಳಿ, ಅಂದರೆ ಊರಿನ ತೆರಿಗೆದಾರರ ದುಡ್ಡು.