ಅಣ್ಣ ಡಾಲ್ಫಿನ್, ತಂಗಿ ಆಮೆ

ಕ್ರೂಸ್ ಪ್ರವಾಸವೆಂದರೆ ಇಡೀ ಕುಟುಂಬ ಒಂದೇ ಸೂರಿನ ಕೆಳಗೆ ಒಟ್ಟಾಗಿ ಕಳೆಯುವ ದಿನಗಳು ಎಂದು ಜಾಹೀರಾತುಗಳು ಹೇಳುತ್ತವೆ. ಈ ‘ಒಟ್ಟಾಗಿ’ ಎಂಬ ಮಾತಿಗೆ ಮನಸೋತು ಟಿಕೆಟ್ ಹುಡುಕಲು ಕೂರುವ ತಂದೆತಾಯಿಗಳು ಮೊದಲು ಹಾಕುವ ಲೆಕ್ಕವಾದರೋ, ಮಕ್ಕಳನ್ನು ದಿನಕ್ಕೆ ಎಷ್ಟು ಗಂಟೆ, ಹಡಗಿನವರೇ ಅವರನ್ನು ಆಡಿಸಿ ನೋಡಿಕೊಳ್ಳುವ ಕಿಡ್ಸ್ ಕ್ಲಬ್ಬಿಗೆ ಒಪ್ಪಿಸಿ ಕೈತೊಳೆದುಕೊಳ್ಳಬಹುದು ಎಂಬುದು. ಇದರ ಬಗ್ಗೆ ನನ್ನ ತಕರಾರಿಲ್ಲ, ಏಕೆಂದರೆ ನಾನೂ ಆ ಲೆಕ್ಕ ಹಾಕಿದವನೇ. ಆದರೆ ಮಕ್ಕಳು ನಮ್ಮಿಂದ ದೂರವಿದ್ದರೂ ಪರವಾಗಿಲ್ಲ, ಅಣ್ಣತಂಗಿ ಮಾತ್ರ ಜೊತೆಗಿರಲಿ ಎಂಬ ಸಣ್ಣದೊಂದು ಆಸೆ ಹುಟ್ಟಿತೋ, ಅಲ್ಲಿಂದ ಮುಂದೆ ಪ್ರವಾಸದ ತಯಾರಿ ಹೋಗಿ ಕಾನೂನಿನ ವ್ಯಾಸಂಗ ಶುರುವಾಗುತ್ತದೆ.

ಏಕೆಂದರೆ ಈ ಕ್ಲಬ್ಬುಗಳು ಮಕ್ಕಳನ್ನು ವಯಸ್ಸಿನ ಪ್ರಕಾರ ಗುಂಪು ಮಾಡಿ ಬೇರೆ ಬೇರೆ ಕೋಣೆಗಳಿಗೆ ಹಂಚುತ್ತವೆ. ಸ್ಥಳದ ಅಭಾವ ಎನ್ನೋಣವೆಂದರೆ ಹಾಗೂ ಇಲ್ಲ. 2024ರ ಜನವರಿಯಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ ಎಂಬ ಹಡಗು ತನ್ನ 20 ಅಂತಸ್ತುಗಳಲ್ಲಿ 7,600 ಪ್ರಯಾಣಿಕರನ್ನು ಹೊತ್ತು ತೇಲಬಲ್ಲದು. ಇಷ್ಟು ಮಂದಿಗೆ ಮೂರು ಹೊತ್ತು ಊಟ ಹಾಕಿ, ಈಜಿಸಿ, ಕುಣಿಸಿ, ಮಲಗಿಸಿ ಕರೆತರಬಲ್ಲ ಉದ್ಯಮದಲ್ಲಿ, ಐದು ವರ್ಷದವಳನ್ನೂ ಆರು ವರ್ಷದವನನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಬಣ್ಣ ಬಳಿಸುವುದು ಮಾತ್ರ ಅನೇಕರಿಗೆ ಇನ್ನೂ ಕೈಗೂಡದ ಸಾಹಸವಾಗಿ ಉಳಿದಿದೆ.

ಕಾರ್ನಿವಲ್ ಕಂಪನಿಯ ಹಡಗಿನಲ್ಲಿ 2ರಿಂದ 5 ವರ್ಷದವರು ಪೆಂಗ್ವಿನ್‌ಗಳು, 6ರಿಂದ 8ರವರು ಸ್ಟಿಂಗ್‌ರೇ ಮೀನುಗಳು, 9ರಿಂದ 11ರವರು ಶಾರ್ಕ್‌ಗಳು. ನಾರ್ವೇಜಿಯನ್ ಕಂಪನಿಯಲ್ಲಿ 3ರಿಂದ 5ರವರು ಆಮೆಗಳು, 6ರಿಂದ 9ರವರು ಸೀಲ್‌ಗಳು, 10ರಿಂದ 12ರವರು ಡಾಲ್ಫಿನ್‌ಗಳು. ಮನೆಯಲ್ಲಿ ಒಂದೇ ಹೊದಿಕೆಗಾಗಿ ಜಗ್ಗಾಡುವ ಹತ್ತು ವರ್ಷದ ಅಣ್ಣನೂ ನಾಲ್ಕು ವರ್ಷದ ತಂಗಿಯೂ ಹಡಗು ಹತ್ತಿದ ಗಳಿಗೆಯಲ್ಲೇ ಬೇರೆ ಬೇರೆ ಜೀವಜಾತಿಗಳಾಗುತ್ತಾರೆ: ಅವನು ಡಾಲ್ಫಿನ್, ಅವಳು ಆಮೆ, ಅವನು ಸಸ್ತನಿ, ಅವಳು ಸರೀಸೃಪ. ಇಬ್ಬರೂ ಒಂದೇ ತಾಯಿಯ ಮಕ್ಕಳೆಂದು ನೋಂದಣಿ ಮೇಜಿನವರು ನಂಬುವುದೇ ಅವರ ದೊಡ್ಡತನ. ಕಾರ್ನಿವಲ್‌ನ ವಿಂಗಡಣೆಯಲ್ಲಾದರೆ ಇದೇ ಅಣ್ಣ ಶಾರ್ಕ್, ಇದೇ ತಂಗಿ ಪೆಂಗ್ವಿನ್ ಆಗುವುದರಿಂದ, ಇಬ್ಬರನ್ನೂ ಬೇರೆ ಕೋಣೆಯಲ್ಲಿಡುವುದೇ ಕ್ಷೇಮವೆಂದು ಯಾರಾದರೂ ಒಪ್ಪಬೇಕಾಗುತ್ತದೆ.

ಮಗು ಯಾವಾಗ ದೊಡ್ಡದಾಗುತ್ತದೆ ಎಂಬ ಪ್ರಶ್ನೆಗೆ ಶಿಶುತಜ್ಞರು ಅಳೆದು ಸುರಿದು ಉತ್ತರ ಕೊಡುತ್ತಾರೆ. ಹಡಗಿನವರಲ್ಲಿ ಅಂಥ ಹಿಂಜರಿಕೆಯಿಲ್ಲ. ಎಂಎಸ್‌ಸಿ ಎಂಬ ಕಂಪನಿಯಲ್ಲಿ ಮಿನಿ ಕ್ಲಬ್ 3ರಿಂದ 6ರವರೆಗೆ, ಜೂನಿಯರ್ ಕ್ಲಬ್ 7ರಿಂದ 11ರವರೆಗೆ. ಪ್ರಿನ್ಸೆಸ್ ಹಡಗುಗಳಲ್ಲಿ ಗೆರೆ ಬೀಳುವುದು 7ಕ್ಕೂ 8ಕ್ಕೂ ನಡುವೆ. ಆದ್ದರಿಂದ ಐದು ಮತ್ತು ಆರು ವರ್ಷದ ಒಡಹುಟ್ಟಿದವರು ಎಂಎಸ್‌ಸಿಯಲ್ಲಿ ಒಂದಾಗಿದ್ದು ಕಾರ್ನಿವಲ್‌ನಲ್ಲಿ ಅಗಲುತ್ತಾರೆ. ಆರು ಮತ್ತು ಏಳರವರು ಕಾರ್ನಿವಲ್‌ನಲ್ಲಿ ಕೂಡಿಕೊಂಡು ಎಂಎಸ್‌ಸಿಯಲ್ಲಿ ದೂರವಾಗುತ್ತಾರೆ. ಪ್ರಿನ್ಸೆಸ್‌ನಲ್ಲಂತೂ ಮೂರು ವರ್ಷದವನೂ ಏಳು ವರ್ಷದವನೂ ಗೆಳೆಯರು, ಏಳರವನೂ ಎಂಟರವನೂ ಅಪರಿಚಿತರು. ಡಿಸ್ನಿಯವರು ಮಾತ್ರ 3ರಿಂದ 10ರವರೆಗಿನವರನ್ನೆಲ್ಲ ಒಂದೇ ಕ್ಲಬ್ಬಿಗೆ ಬಿಟ್ಟಿದ್ದಾರೆ, ಮತ್ತು ಅಲ್ಲಿ ಮೂರರವರೂ ಹತ್ತರವರೂ ಇಂದಿಗೂ ಜೀವಂತವಾಗಿ ಹೊರಬರುತ್ತಿದ್ದಾರೆ ಎಂಬುದನ್ನು ಉಳಿದವರು ಗಮನಿಸಿದಂತಿಲ್ಲ. ಹೀಗಾಗಿ ಹಡಗು ಯಾವ ದ್ವೀಪಕ್ಕೆ ಹೋಗುತ್ತದೆ, ಕ್ಯಾಬಿನ್ನಿಗೆ ಕಿಟಕಿಯಿದೆಯೇ ಎಂಬುದೆಲ್ಲ ಹಿಂದೆ ಸರಿದು, ಎರಡು ಮಕ್ಕಳ ಜನ್ಮದಿನಾಂಕಕ್ಕೂ ಹಡಗಿನ ಪಟ್ಟಿಗೂ ಜಾತಕ ಕೂಡಿಬರುತ್ತದೆಯೇ ಎಂದು ನೋಡುವುದೇ ಮುಖ್ಯವಾಗುತ್ತದೆ. ಮೂರು ಮಕ್ಕಳಿರುವವರ ಕಷ್ಟ ಆ ದೇವರಿಗೇ ಪ್ರೀತಿ.

ಜಾತಕ ಕೂಡಿಬಂದರೂ ಮುಹೂರ್ತ ಕೈಕೊಡಬಹುದು. ವಯಸ್ಸನ್ನು ಸಾಮಾನ್ಯವಾಗಿ ಹಡಗು ಹೊರಡುವ ದಿನಕ್ಕೆ ಎಣಿಸುತ್ತಾರೆ. ಯಾನದ ಮೂರನೆಯ ದಿನ ಆರು ತುಂಬುವ ಹುಡುಗನಿಗೆ ಊಟದ ಕೋಣೆಯಲ್ಲಿ ಮಾಣಿಗಳೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುತ್ತಾರೆ, ಕೇಕ್ ಕೊಡುತ್ತಾರೆ, ಆರು ಎಂದು ಬರೆದ ಮೇಣದಬತ್ತಿಯನ್ನೂ ಅವನು ಊದುತ್ತಾನೆ. ಮರುದಿನ ಕ್ಲಬ್ಬಿನ ಬಾಗಿಲಲ್ಲಿ ಅವನಿಗೆ ಮತ್ತೆ ಐದು.

ಆದರೂ ಈ ಶಾಸ್ತ್ರದ ಅತ್ಯುನ್ನತ ಸಾಧನೆಯೆಂದು ನಾನು ಕೈಮುಗಿಯುವುದು ಡೈಪರ್ ನಿಯಮಕ್ಕೆ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಕೂಸುಗಳಿಗೆ ಅನೇಕ ಹಡಗುಗಳಲ್ಲಿ ನರ್ಸರಿಯಿದೆ. ಗಂಟೆಗಿಷ್ಟು ಎಂದು ಶುಲ್ಕ, ಬೆರಳೆಣಿಕೆಯ ಜಾಗ, ಮುಂಗಡ ಕಾಯ್ದಿರಿಸಲು ನೂಕುನುಗ್ಗಲು. ಮೂರು ತುಂಬಿದವರಿಗೆ ಕ್ಲಬ್ ಇದೆ, ಉಚಿತವೂ ಹೌದು, ಆದರೆ ಶೌಚದ ಅಭ್ಯಾಸ ಪೂರ್ತಿಯಾಗಿರಬೇಕು. ಎಳೆದು ಹಾಕುವ ಚಡ್ಡಿಯಂಥ ಪುಲ್-ಅಪ್ ಕೂಡ ಡೈಪರ್ ಎಂದೇ ಲೆಕ್ಕ. ಹಾಗಾದರೆ ಮೂರು ವರ್ಷ ಒಂದು ತಿಂಗಳಾಗಿದ್ದು ಇನ್ನೂ ಡೈಪರ್ ಬಿಡದ ಮಗುವಿನ ಗತಿಯೇನು? ನರ್ಸರಿಗೆ ಅದು ಮುದಿಯಾಯಿತು, ಕ್ಲಬ್ಬಿಗೆ ಎಳೆಯದಾಯಿತು. ತ್ರಿಶಂಕುವಿಗಾದರೂ ವಿಶ್ವಾಮಿತ್ರರು ಒಂದು ಸ್ವರ್ಗ ಕಟ್ಟಿಕೊಟ್ಟರು. ಈ ಮಗುವಿಗೆ ಅಪ್ಪನ ಹೆಗಲೇ ಗತಿ. ಡೈಪರ್ ಇದ್ದರೂ ಎರಡು ವರ್ಷದಿಂದಲೇ ಒಳಗೆ ಬಿಟ್ಟುಕೊಂಡು, ಬದಲಿಸಿಯೂ ಕೊಡುವ ಕಾರ್ನಿವಲ್‌ನಂಥವರಿದ್ದಾರಾದರೂ, ಅಲ್ಲಿ ಅಕ್ಕ ಸ್ಟಿಂಗ್‌ರೇ ಆಗಿಬಿಟ್ಟಿರುತ್ತಾಳೆ. ಹಡಗು ಹೊರಡಲು ಎರಡು ತಿಂಗಳಿರುವಾಗ ಮನೆಯಲ್ಲಿ ಶುರುವಾಗುವ ಶೌಚ ತರಬೇತಿಯ ಉಸಿರುಗಟ್ಟುವ ವಾತಾವರಣ, ಯಾವ ಪ್ರವೇಶ ಪರೀಕ್ಷೆಯ ತಯಾರಿಗೂ ಕಡಿಮೆಯದಲ್ಲ. ಪರೀಕ್ಷೆಯಲ್ಲಿ ಫೇಲಾದರೆ ಫೋನ್ ಬರುತ್ತದೆ. ತಂದೆಯೋ ತಾಯಿಯೋ ಊಟದ ಮಧ್ಯೆ ಎದ್ದು, ಬದಲಿ ಚಡ್ಡಿ ಹಿಡಿದು, ಹತ್ತು ಅಂತಸ್ತು ಹತ್ತುವ ದೃಶ್ಯವನ್ನು ಜಾಹೀರಾತಿನಲ್ಲಿ ನಾನಿನ್ನೂ ಕಂಡಿಲ್ಲ.

ಇನ್ನು ಸಹಿಯ ವಿಷಯ. ತಂದೆತಾಯಿ ಒಪ್ಪಿದರೆ ಎಂಟೊಂಬತ್ತು ವರ್ಷ ದಾಟಿದ ಮಗು ಕ್ಲಬ್ಬಿನಿಂದ ತಾನೇ ಸಹಿ ಹಾಕಿ ಹೊರಬರಲು ಹಲವು ಹಡಗುಗಳು ಬಿಡುತ್ತವೆ. ಹತ್ತು ವರ್ಷದ ಡಾಲ್ಫಿನ್ ಹೀಗೆ ಸ್ವತಂತ್ರವಾಗಿ ಇಡೀ ಹಡಗು ಸುತ್ತಿ, ಐಸ್‌ಕ್ರೀಮ್ ಯಂತ್ರದ ಬಳಿ ತಾಸುಗಟ್ಟಲೆ ನಿಲ್ಲಬಹುದು. ಆದರೆ ಪಕ್ಕದ ಬಾಗಿಲಲ್ಲಿ ಕಾಯುತ್ತಿರುವ ಆಮೆ ತಂಗಿಯನ್ನು ಕೈಹಿಡಿದು ಹತ್ತು ಹೆಜ್ಜೆ ಕರೆತರುವ ಅಧಿಕಾರ ಅವನಿಗಿಲ್ಲ. ತನ್ನ ಜವಾಬ್ದಾರಿಯನ್ನು ಹೊರಬಲ್ಲವನು ತಂಗಿಯ ಜವಾಬ್ದಾರಿಯನ್ನು ಹೊರಲಾರ ಎಂಬ ಈ ತತ್ವದಲ್ಲಿ ಸತ್ಯಾಂಶ ಇಲ್ಲದಿಲ್ಲ ಎಂದು, ಅಂಥ ಅಣ್ಣನೊಬ್ಬನಾಗಿ ಬೆಳೆದ ನಾನು ಒಪ್ಪಿಕೊಳ್ಳಬೇಕು.

ಇಷ್ಟೆಲ್ಲ ಓದಿ, ಪಟ್ಟಿ ಮಾಡಿ, ಅಳೆದು ತೂಗಿ ನಾವು ಆರಿಸಿದ ಹಡಗಿನಲ್ಲಿ ನಮ್ಮ ಏಳು ವರ್ಷದ ಮಗನಿಗೂ ನಾಲ್ಕು ವರ್ಷದ ಮಗಳಿಗೂ ಬೇರೆ ಬೇರೆ ಕೋಣೆಗಳೇ ಸಿಕ್ಕವು, ಏಕೆಂದರೆ ಕೂಡಿಬರುವ ಹಡಗಿನ ದರ ನಮಗೆ ಕೂಡಿಬರಲಿಲ್ಲ. ಆದರೂ ಒಂದು ಉಪಾಯವಿತ್ತು. ದೊಡ್ಡ ಮಗು ಬಯಸಿದರೆ ಚಿಕ್ಕವರ ಗುಂಪಿಗೆ ಇಳಿಯಬಹುದು, ಚಿಕ್ಕದು ಮಾತ್ರ ಯಾವ ಕಾರಣಕ್ಕೂ ಮೇಲೇರುವಂತಿಲ್ಲ ಎಂದು ಅಲ್ಲಿನ ನಿಯಮ ಹೇಳುತ್ತಿತ್ತು. ಸರ್ಕಾರಿ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಇದು ಸ್ವಯಂಪ್ರೇರಿತ ಹಿಂಬಡ್ತಿ.

ಹಡಗು ಹತ್ತಿದ ಮಧ್ಯಾಹ್ನ ನೋಂದಣಿ ಮೇಜಿನ ಮುಂದೆ ಮಗಳು ಅಣ್ಣನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ನಿಂತಿದ್ದಳು. ತುರ್ತು ಸಂದರ್ಭದಲ್ಲಿ ಎಲ್ಲಿಗೆ ಕರೆದೊಯ್ಯಬೇಕೆಂಬ ಗುರುತಿದ್ದ ಪಟ್ಟಿಯೊಂದನ್ನು ಅವಳ ಮಣಿಕಟ್ಟಿಗೆ ಬಿಗಿದರು. ಅಲರ್ಜಿ, ಅಂಜಿಕೆ, ಅತ್ತರೆ ಸಮಾಧಾನಪಡಿಸುವ ಬಗೆ, ಕರೆದೊಯ್ಯಲು ಬರುವವರು ಹೇಳಬೇಕಾದ ಗುಟ್ಟಿನ ಪದ ಎಲ್ಲವನ್ನೂ ತುಂಬಿದ ಮೇಲೆ ಹಿಂಬಡ್ತಿಯ ಅರ್ಜಿ ಬಂತು. ‘ಕಾರಣ’ ಎಂಬ ಕಾಲಮ್ಮಿನಲ್ಲಿ, ತಂಗಿ ಅಣ್ಣನನ್ನು ಬಿಟ್ಟಿರಲಾರಳು ಎಂದು ನಾನು ತುಸು ಭಾವುಕನಾಗಿಯೇ ಬರೆದೆ. ಮೇಜಿನ ಹಿಂದಿದ್ದ ಯುವತಿ ಅದನ್ನು ಓದಿ ಮುಗುಳ್ನಕ್ಕಳು. ಆ ನಗೆಯನ್ನು ನಾನು ಮೆಚ್ಚುಗೆಯೆಂದು ತಿಳಿದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿಯಿಂದ ಇಣುಕಿದಾಗ, ಮಗಳು ಹೊಸ ಗೆಳತಿಯೊಬ್ಬಳ ಜೊತೆ ಅಂಟು ಮೆತ್ತಿಕೊಂಡ ಕೈಗಳಿಂದ ಕಾಗದದ ಕಿರೀಟ ಮಾಡುತ್ತಿದ್ದಳು. ಇಬ್ಬರ ಭಾಷೆಯೂ ಬೇರೆ, ಅದರ ಪರಿವೆ ಇಬ್ಬರಿಗೂ ಇರಲಿಲ್ಲ. ನಮ್ಮ ಮಗ ಗೋಡೆಯ ಬದಿಯಲ್ಲಿ, ಗೇಣುದ್ದದ ಕುರ್ಚಿಯೊಂದರ ಮೇಲೆ, ಮೊಣಕಾಲುಗಳನ್ನು ಕಿವಿಯವರೆಗೆ ಮಡಚಿಕೊಂಡು ಕುಳಿತಿದ್ದ. ಒಮ್ಮೆ ಅವನು ಅವಳ ಪಕ್ಕಕ್ಕೆ ಹೋಗಿ ಏನೋ ಹೇಳಿದ. ಅವಳು ತಲೆಯೆತ್ತದೆ, ಕತ್ತರಿ ಹಿಡಿದಿದ್ದ ಕೈಯಿಂದಲೇ ಅವನನ್ನು ಪಕ್ಕಕ್ಕೆ ಸರಿಸಿದಳು.

ದೊಡ್ಡವರ ಕೋಣೆಗೆ ಮರಳುವುದಕ್ಕೂ ಒಂದು ಅರ್ಜಿಯಿತ್ತು. ಅದೇ ಮೇಜು, ಅದೇ ಯುವತಿ, ಅದೇ ಮುಗುಳ್ನಗೆ. ಒಮ್ಮೆ ಮರಳಿದರೆ ಮತ್ತೆ ಇಳಿಯುವಂತಿಲ್ಲ ಎಂದು ಅವಳು ಮೆಲ್ಲಗೆ ಎಚ್ಚರಿಸಿದಳು. ಅದೇ ‘ಕಾರಣ’ದ ಕಾಲಮ್ಮಿಗೆ ಬಂದು ನಾನು ಪೆನ್ನು ಹಿಡಿದು ತಡವರಿಸುತ್ತಿದ್ದಾಗ, ಮಗ ಕಾಲ್ಬೆರಳ ಮೇಲೆ ನಿಂತು ಕಾಗದವನ್ನು ನೋಡಿ, ಯಾರಿಗೂ ಕೇಳಿಸದಂತೆ ಹೇಳಿದ: “ಕುರ್ಚಿ ಚಿಕ್ಕದು ಅಂತ ಬರಿ ಅಪ್ಪಾ.”

ಹಾಗೆಯೇ ಬರೆದೆ.